ಕಿರುಚದ ಗೆಡ್ಡೆ

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ರಸ್ತೆಯಲ್ಲಿ, ಕಲ್ಲತ್ತಿಗಿರಿ ದಾಟಿದ ಮೇಲೆ, ಮಳೆಗಾಲದ ಕೊನೆಗೆ ಅಲ್ಲಲ್ಲಿ ಧರೆ ಕುಸಿದಿರುತ್ತದೆ. ಕೆಂಪು ಮಣ್ಣು ರಸ್ತೆಗೆ ಜಾರಿ, ಒಳಗಿದ್ದ ಬೇರುಗಳೆಲ್ಲ ಹೊರಗೆ ಜೋತಾಡುತ್ತವೆ. ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದವಳು ಅಣ್ಣನ ಮಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟಿದ್ದೆ. ಹಬ್ಬಕ್ಕೆ ಗೌರಿ ಹೂವು ಕಿತ್ತು ತರಬೇಕೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಇಂಥ ಒಂದು ಕುಸಿದ ಧರೆಯ ಹತ್ತಿರ ಹೂವು ಕಂಡು ನಿಂತೆವು. ಬಳ್ಳಿಯ ಬುಡದಲ್ಲಿ ಮಣ್ಣು ಜಾರಿ ಗೆಡ್ಡೆ ಅರ್ಧ ಹೊರಗೆ ಬಂದಿತ್ತು. ಕಂದು ಬಣ್ಣ, ಬೆರಳು ದಪ್ಪ, ಎರಡು ಕಾಲು ಅಗಲಿಸಿ ನಿಂತವರ ಹಾಗೆ ಕವಲೊಡೆದದ್ದು. ಒಂಬತ್ತು ವರ್ಷದ ಹುಡುಗಿ ಅದನ್ನು ನೋಡಿದ್ದೇ "ಅತ್ತೆ, ಮ್ಯಾಂಡ್ರೇಕ್!" ಎಂದು ಕೂಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಹ್ಯಾರಿ ಪಾಟರ್ ಸಿನಿಮಾದಲ್ಲಿ ಕುಂಡದಿಂದ ಕಿತ್ತರೆ ಮಗುವಿನಂತೆ ಚೀರುವ ಗಿಡವೊಂದಿದೆಯಲ್ಲ, ಅದು. ನಾನು ನಗುತ್ತಾ ಗೆಡ್ಡೆಯನ್ನು ಎಳೆದೆ. ಅದು ಕಿರುಚಲಿಲ್ಲ. ಹೂವಿನ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆವು.

ಅಜ್ಜಿ ಚೀಲ ಬಿಚ್ಚಿ ನೋಡಿ, ಹೂವನ್ನಷ್ಟೇ ಎತ್ತಿಕೊಂಡರು. "ಹೂವು ಒಳಗೆ ಬರಲಿ. ಗೆಡ್ಡೆ ಬ್ಯಾಡ. ಎಲ್ಲಿಂದ ತಂದ್ಯೋ ಅಲ್ಲೇ ಹಾಕಿ ಕೈ ತೊಳ್ಕಂಡು ಬಾ" ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ. ಆದರೆ ನಾನು ಹೊಸ್ತಿಲಿನಾಚೆ ಇಳಿಯುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಪಿಎಚ್‌ಡಿಗೆ ಓದುತ್ತಿರುವುದು ಹಳೆಯ ಮೈಸೂರು ಸೀಮೆಯ ನಾಟಿ ವೈದ್ಯದ ಚರಿತ್ರೆಯನ್ನು. ಎರಡು ವರ್ಷ ಪತ್ರಾಗಾರಗಳಲ್ಲಿ ಕೂತು ಬಂದವಳಿಗೆ ನಮ್ಮ ಮನೆಯ ಹೊಸ್ತಿಲಲ್ಲಿ ಹೂವು ಮತ್ತು ಗೆಡ್ಡೆಯ ನಡುವೆ ಒಂದು ಗೆರೆ ಇದೆ ಎಂಬುದು ಅವತ್ತೇ ಗೊತ್ತಾದದ್ದು. ಹುಡುಗಿಯ ಮ್ಯಾಂಡ್ರೇಕ್‌ಗೂ ಅಜ್ಜಿಯ ಗೆಡ್ಡೆಗೂ ಸಂಬಂಧವೇನಾದರೂ ಇದೆಯೇ ಎಂದು ಹುಡುಕುತ್ತಾ ಹೋದೆ. ಸಸ್ಯಶಾಸ್ತ್ರದ ಪ್ರಕಾರ ಇಲ್ಲ. ಚರಿತ್ರೆಯ ಪ್ರಕಾರ ಇದೆ ಎಂದೇ ನನಗನ್ನಿಸುತ್ತದೆ.

ಮ್ಯಾಂಡ್ರೇಕ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗಿಡ. ನಮ್ಮ ಬದನೆ, ಟೊಮೆಟೊ, ಉಮ್ಮತ್ತಿಗಳ ಕುಟುಂಬಕ್ಕೆ ಸೇರಿದ್ದು. ಕಾಂಡವಿಲ್ಲ; ನೆಲಕ್ಕೆ ಅಂಟಿದ ದೊಡ್ಡ ಎಲೆಗಳು, ನೇರಳೆ ಛಾಯೆಯ ಹೂವು, ಹಳದಿ ಹಣ್ಣು. ಕೆಳಗೆ ದಪ್ಪನೆಯ ಬೇರು, ಕೆಲವೊಮ್ಮೆ ಮನುಷ್ಯರ ಕಾಲಿನಂತೆ ಕವಲಾದದ್ದು. ಅದರಲ್ಲಿರುವ ಹಯೊಸೈಮೀನ್, ಸ್ಕೋಪೊಲಮೀನ್‌ಗಳು ಸ್ವಲ್ಪವಾದರೆ ಮಂಪರು ತರುತ್ತವೆ, ಹೆಚ್ಚಾದರೆ ಭ್ರಾಂತಿ, ಇನ್ನೂ ಹೆಚ್ಚಾದರೆ ಸಾವು. ಕ್ರಿಸ್ತಶಕ ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್, ದೇಹ ಕೊಯ್ಯುವ ಅಥವಾ ಸುಡುವ ಮುನ್ನ ರೋಗಿಗೆ ಮ್ಯಾಂಡ್ರೇಕ್ ಹಾಕಿದ ದ್ರಾಕ್ಷಾರಸ ಕುಡಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆ ಎಂದೂ ಹೇಳಿದ್ದಾನೆ.

ಆದರೆ ಅದಕ್ಕೂ ಬಹಳ ಮೊದಲೇ ಈ ಗಿಡ ಹೆಂಗಸರ ಜಗಳವೊಂದರ ನಡುವೆ ಬಂದಿತ್ತು. ಬೈಬಲ್ಲಿನ ಆದಿಕಾಂಡದಲ್ಲಿ ಯಾಕೋಬನಿಗೆ ಇಬ್ಬರು ಹೆಂಡತಿಯರು, ಅಕ್ಕತಂಗಿಯರು. ಅಕ್ಕ ಲೇಯಳಿಗೆ ಮಕ್ಕಳಿವೆ, ತಂಗಿ ರಾಹೇಲಳಿಗೆ ಇಲ್ಲ. ಗೋಧಿ ಕೊಯ್ಲಿನ ಕಾಲದಲ್ಲಿ ಲೇಯಳ ಮಗ ಹೊಲದಿಂದ ದೂದಾಯೀಮ್ ಎಂಬ ಹಣ್ಣು ತರುತ್ತಾನೆ. ಹೆಚ್ಚಿನ ವಿದ್ವಾಂಸರು ಅದನ್ನು ಮ್ಯಾಂಡ್ರೇಕ್ ಎಂದೇ ಓದುತ್ತಾರೆ. ಬಸಿರಾಗುವ ಆಸೆಯಿಂದ ರಾಹೇಲಳು ಅದನ್ನು ಕೇಳುತ್ತಾಳೆ, ಬದಲಿಗೆ ಗಂಡನ ಜೊತೆಗಿನ ಒಂದು ರಾತ್ರಿಯನ್ನು ಅಕ್ಕನಿಗೆ ಬಿಟ್ಟುಕೊಡುತ್ತಾಳೆ. ಕಥೆಯ ತಮಾಷೆಯೆಂದರೆ ಬಸಿರಾಗುವುದು ಹಣ್ಣು ಪಡೆದ ರಾಹೇಲಳಲ್ಲ, ಕೊಟ್ಟುಬಿಟ್ಟ ಲೇಯ. ಮ್ಯಾಂಡ್ರೇಕ್ ಮಗು ಕೊಡುತ್ತದೆ ಎಂದು ನಂಬಿ ಅದರ ಹಿಂದೆ ಬಿದ್ದ ತಲೆಮಾರುಗಳ ಜನ ಈ ಭಾಗವನ್ನು ಸರಿಯಾಗಿ ಓದಿದಂತೆ ಕಾಣುವುದಿಲ್ಲ.

ಕೀಳುವ ಕಥೆಗಳು ಬೇರೆ ಕಡೆಯಿಂದ ಬಂದವು. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಗಿಡಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಥಿಯೊಫ್ರಾಸ್ಟಸ್ ಬೇರು ಕೀಳುವವರ ಮಾತುಗಳನ್ನು ದಾಖಲಿಸಿದ್ದಾನೆ: ಮ್ಯಾಂಡ್ರೇಕ್ ಸುತ್ತ ಕತ್ತಿಯಿಂದ ಮೂರು ಗೆರೆ ಎಳೆಯಬೇಕು, ಪಶ್ಚಿಮಕ್ಕೆ ಮುಖ ಮಾಡಿ ಕತ್ತರಿಸಬೇಕು, ಎರಡನೆಯ ತುಂಡು ತೆಗೆಯುವಾಗ ಸುತ್ತ ಕುಣಿಯುತ್ತಾ ಪ್ರೇಮದ ಮಾತಾಡಬೇಕು. ಒಂದನೇ ಶತಮಾನದ ಯೆಹೂದಿ ಚರಿತ್ರಕಾರ ಜೋಸಿಫಸ್, ಬಾರಾಸ್ ಎಂಬ ಜಾಗದಲ್ಲಿ ಸಂಜೆಯ ಹೊತ್ತು ಬೆಂಕಿಯಂತೆ ಹೊಳೆಯುವ ಬೇರೊಂದಿದೆ, ಮುಟ್ಟಿದವರು ಸಾಯುತ್ತಾರೆ, ಆದ್ದರಿಂದ ಸುತ್ತ ಅಗೆದು ನಾಯಿಯೊಂದನ್ನು ಅದಕ್ಕೆ ಕಟ್ಟಿ ಎಳೆಸುತ್ತಾರೆ ಎಂದು ಬರೆದ. ನಾಯಿ ಸಾಯುತ್ತದೆ, ಯಜಮಾನ ಉಳಿಯುತ್ತಾನೆ. ಅವನು ಮ್ಯಾಂಡ್ರೇಕ್ ಹೆಸರು ಹೇಳಿಲ್ಲ. ಮುಂದಿನವರು ಅವನ ನಾಯಿಯನ್ನು ತಂದು ಮ್ಯಾಂಡ್ರೇಕ್‌ಗೆ ಕಟ್ಟಿದರು. ಕಿರುಚಾಟ ಗ್ರೀಕರಲ್ಲೂ ಇಲ್ಲ, ಜೋಸಿಫಸ್‌ನಲ್ಲೂ ಇಲ್ಲ. ಅದು ಮಧ್ಯಯುಗದ ಯುರೋಪು ಸೇರಿಸಿದ್ದು. 1431ರಲ್ಲಿ ಜೋನ್ ಆಫ್ ಆರ್ಕ್‌ಳ ವಿಚಾರಣೆ ನಡೆದಾಗ, ನಿನ್ನ ಬಳಿ ಮ್ಯಾಂಡ್ರೇಕ್ ಇತ್ತೇ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ, ಎಂದೂ ಇರಲಿಲ್ಲ ಎಂದಳು ಆ ಹುಡುಗಿ. ಬೇರು ಇಟ್ಟುಕೊಂಡ ಹೆಂಗಸು ಮಾಟಗಾತಿಯಾಗುವುದಕ್ಕೆ ಆ ಕಾಲದಲ್ಲಿ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

1597ರಲ್ಲಿ ಲಂಡನ್ನಿನ ಜಾನ್ ಜೆರಾರ್ಡ್ ಈ ಕಥೆಗಳನ್ನೆಲ್ಲ ಒಟ್ಟಿಗೇ ಗುಡಿಸಿ ಹಾಕಿದ. ತಾನೂ ತನ್ನ ಆಳುಗಳೂ ಎಷ್ಟೋ ಮ್ಯಾಂಡ್ರೇಕ್ ಅಗೆದಿದ್ದೇವೆ, ಮತ್ತೆ ನೆಟ್ಟಿದ್ದೇವೆ, ಯಾರೂ ಸಾಯಲಿಲ್ಲ ಎಂದು ತನ್ನ ಗಿಡಮೂಲಿಕೆಯ ಪುಸ್ತಕದಲ್ಲಿ ಬರೆದ. ಅವನ ಹೊತ್ತಿಗೆ ಅಲ್ಲಿ ಮ್ಯಾಂಡ್ರೇಕ್‌ನ ಖೋಟಾ ವ್ಯಾಪಾರ ಜೋರಾಗಿತ್ತು. ಬ್ರಯೊನಿ ಎಂಬ ಬಳ್ಳಿಯ ಬೇರನ್ನು ಮನುಷ್ಯಾಕಾರಕ್ಕೆ ಕೆತ್ತಿ, ಕೂದಲು ಬರಬೇಕಾದ ಜಾಗದಲ್ಲಿ ನವಣೆಯಂಥ ಕಾಳು ಚುಚ್ಚಿ, ಮರಳಿನಲ್ಲಿ ಹೂತಿಟ್ಟು ಮೊಳಕೆ ಬರಿಸಿ ಮಾರುತ್ತಿದ್ದರು. ನಗಬೇಡಿ. ನಮ್ಮಲ್ಲಿ ಇವತ್ತಿಗೂ ಹತ್ತಾ ಜೋಡಿ ಎಂಬ ಹೆಸರಿನಲ್ಲಿ, ಎರಡು ಕೈ ಮುಗಿದಂತೆ ಕಾಣುವ ಅಪರೂಪದ ಬೇರು ಎಂದು ಹೇಳಿ, ಅದೃಷ್ಟಕ್ಕೆ ಮತ್ತು ವಶೀಕರಣಕ್ಕೆ ಮಾರುತ್ತಾರೆ. 2017ರಲ್ಲಿ ವನ್ಯಜೀವಿ ತಜ್ಞರು ಪರೀಕ್ಷಿಸಿದಾಗ ಅವು ಬೇರೇ ಅಲ್ಲ, ಗಂಡು ಉಡದ ಜನನಾಂಗವನ್ನು ಒಣಗಿಸಿದ್ದು ಎಂದು ಗೊತ್ತಾಯಿತು. ಆಗ ಅದು ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತಿತ್ತು.

ಮ್ಯಾಂಡ್ರೇಕ್ ನಮ್ಮ ಕಡೆಗೆ ಬಂತೇ? ಗಿಡ ಬರಲಿಲ್ಲ, ಒಣಬೇರು ಮತ್ತು ಹೆಸರು ಬಂದವು. ಯುನಾನಿ ಹಕೀಮರ ಪುಸ್ತಕಗಳಲ್ಲಿ ಅದು ಯಬ್ರೂಜ್; ಫಾರಸಿಯಲ್ಲಿ ಮರ್ದುಮ್ ಗಿಯಾ, ಅಂದರೆ ಮನುಷ್ಯ ಗಿಡ. ಅರಬ್ ವ್ಯಾಪಾರಿಗಳ ದಾರಿ ಹಿಡಿದು ನಾಯಿಯ ಕಥೆ ಚೀನಾಕ್ಕೂ ಹೋಗಿದೆ. ಹದಿಮೂರನೇ ಶತಮಾನದ ಚೀನೀ ಲೇಖಕ ಝೌ ಮಿ, ಯಬ್ರೂಜ್ ಎಂಬ ಶಬ್ದವನ್ನೇ ಚೀನೀ ನಾಲಿಗೆಗೆ ಒಗ್ಗಿಸಿಕೊಂಡು, ಪಶ್ಚಿಮದ ದೇಶದಲ್ಲಿ ನಾಯಿಯಿಂದ ಕೀಳಿಸುವ ಮನುಷ್ಯರೂಪದ ಬೇರಿನ ಸಂಗತಿ ಬರೆದಿದ್ದಾನೆ. ಇಲ್ಲಿಯಾದರೋ ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ವೈದ್ಯರು ನಮ್ಮ ಬಜಾರುಗಳ ಔಷಧಿಗಳನ್ನು ಪಟ್ಟಿ ಮಾಡುವಾಗ ಮ್ಯಾಂಡ್ರೇಕ್‌ಗೆ ಯಬ್ರೂಜ್ ಜೊತೆಗೆ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ: ಲಕ್ಮನಾ-ಲಕ್ಮನಿ. ಹೆಸರೇ ಗಂಡು-ಹೆಣ್ಣಿನ ಜೋಡಿ.

ಈ ಲಕ್ಮನಾ ಸಂಸ್ಕೃತದ ಲಕ್ಷ್ಮಣಾ. ರಾಮನ ತಮ್ಮನಿಗೂ ಅದಕ್ಕೂ ಸಂಬಂಧವಿಲ್ಲ. ಲಕ್ಷಣ ಉಳ್ಳದ್ದು, ಗುರುತು ಉಳ್ಳದ್ದು ಎಂಬ ಅರ್ಥ. ಹದಿನಾರನೇ ಶತಮಾನದ ಭಾವಪ್ರಕಾಶ ನಿಘಂಟು ಇದನ್ನು ವರ್ಣಿಸುವ ರೀತಿ ಮೈ ಜುಮ್ಮೆನ್ನಿಸುತ್ತದೆ. ಅದು ಮಗುವಿನ ಆಕಾರದ್ದು, ಎಲೆಯ ಮೇಲೆ ರಕ್ತದ ಸಣ್ಣ ಚುಕ್ಕೆಗಳಿವೆ, ಹೋತದ ವಾಸನೆ ಇದೆ, ಮತ್ತು ಅದು ಪುತ್ರಜನನಿ. ಸುಶ್ರುತ ಸಂಹಿತೆಯ ಪುಂಸವನ ವಿಧಿಯಲ್ಲಿ ಗಂಡು ಮಗು ಬೇಕೆಂದವಳ ಬಲ ಮೂಗಿನ ಹೊಳ್ಳೆಗೆ ಹಾಲಿನಲ್ಲಿ ಅರೆದು ಬಿಡುವ ಮೂಲಿಕೆಗಳಲ್ಲಿ ಲಕ್ಷ್ಮಣಾ ಮೊದಲನೆಯದು. ಇದು ಯಾವ ಗಿಡ ಎಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಕೇರಳದವರು ದಶಪುಷ್ಪಗಳಲ್ಲೊಂದಾದ ತಿರುತಾಳಿ ಬಳ್ಳಿಯನ್ನು ತೋರಿಸುತ್ತಾರೆ, ಕೆಲವರು ಮ್ಯಾಂಡ್ರೇಕೇ ಎನ್ನುತ್ತಾರೆ. ಗಿಡ ಕಳೆದುಹೋಗಿ ಅದರ ಕೆಲಸದ ವಿವರಣೆ ಮಾತ್ರ ಉಳಿದಿದೆ. ಮಗುವಿನಂತಿರುವ ಬೇರು ಮಗು ಕೊಡುತ್ತದೆ ಎಂಬ ಈ ಯೋಚನೆ ರಾಹೇಲಳ ಊರಿನಿಂದ ಇಲ್ಲಿಗೆ ಬಂತೋ, ಎರಡೂ ಕಡೆ ತಾನಾಗಿ ಹುಟ್ಟಿತೋ ಎಂದು ನಾನು ತೀರ್ಮಾನ ಕೊಡಲಾರೆ. ಬಸಿರಿಗಾಗಿ ಪೀಡಿಸಿಕೊಳ್ಳುವ ಹೆಂಗಸರು ಎರಡೂ ಕಡೆ ಇದ್ದರು ಎಂಬುದಂತೂ ನಿಜ.

ಯೋಚಿಸುತ್ತಾ ಹೋದಂತೆ ನನಗೆ ಹೊಳೆದದ್ದು ಇದು. ಯುರೋಪಿನಲ್ಲಿ ಮ್ಯಾಂಡ್ರೇಕ್ ಒಂದೇ ಹೊತ್ತಿದ್ದ ಹೊರೆಯನ್ನು ನಮ್ಮಲ್ಲಿ ಮೂರು ಗಿಡಗಳು ಹಂಚಿಕೊಂಡಿವೆ. ಮತ್ತು ಬರಿಸುವ, ಬುದ್ಧಿ ಕೆಡಿಸುವ ಕೆಲಸ ಉಮ್ಮತ್ತಿಯದು. ಹಳೆಯ ಕನ್ನಡದಲ್ಲಿ ಅದಕ್ಕೆ ಮದಗುಣಿಕೆ ಎಂಬ ಚೆಂದದ ಹೆಸರಿದೆ. ರಾಸಾಯನಿಕವಾಗಿ ಮ್ಯಾಂಡ್ರೇಕ್‌ನ ನಿಜವಾದ ದಾಯಾದಿ ಅದೇ. ಅವೇ ವಿಷಗಳು ಅದರಲ್ಲೂ ಇವೆ. ಮಗುವನ್ನು ಒಳಗೆ ತರುವ ಕೆಲಸ ಲಕ್ಷ್ಮಣಾದ್ದು. ಮಗುವನ್ನು ಹೊರಗೆ ಕಳಿಸುವ ಕೆಲಸ ಅಜ್ಜಿ ಒಳಗೆ ಬಿಡದ ಆ ಗೆಡ್ಡೆಯದು.

ಗೌರಿ ಹೂವನ್ನು ನೋಡದ ಮಲೆನಾಡಿಗರು ಇರಲಾರರು. ಮೊದಲ ಮಳೆಗೆ ಚಿಗುರಿ, ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಬೇಲಿ ಹತ್ತುತ್ತದೆ. ಹೂವಿನ ಆರು ದಳಗಳೂ ಹಿಂದಕ್ಕೆ ಬಾಗಿ ನಿಂತು, ಹಸಿರು ಹಳದಿಯಿಂದ ಕಿತ್ತಳೆಗೆ, ಕಡೆಗೆ ಕಡುಗೆಂಪಿಗೆ ತಿರುಗುತ್ತವೆ. ಉರಿಯುವ ಪಂಜನ್ನು ಗಾಳಿಗೆ ಹಿಡಿದಂತೆ. ಅದಕ್ಕೇ ಅಗ್ನಿಶಿಖೆ. ಭಾದ್ರಪದದ ಗೌರಿಯ ಹೊತ್ತಿಗೆ ತುಂಬಿ ಬರುವುದರಿಂದ ಗೌರಿ ಹೂವು. ಗೆಡ್ಡೆಗೆ ಕರಡಿಕಣ್ಣಿನ ಗೆಡ್ಡೆ ಎಂದೂ ಹೆಸರಿದೆ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿಗೆ ಇದು ರಾಜ್ಯದ ಹೂವು, ಜಿಂಬಾಬ್ವೆಗೆ ರಾಷ್ಟ್ರದ ಹೂವು. ಮಳೆ ಹಿಂದಾದ ಮೇಲೆ ಬಳ್ಳಿ ಪೂರಾ ಒಣಗಿ ಮಾಯವಾಗುತ್ತದೆ. ಬೇಸಿಗೆಯಲ್ಲಿ ಮೇಲೆ ಗುರುತೇ ಇರುವುದಿಲ್ಲ. ನೆಲದೊಳಗೆ ಗೆಡ್ಡೆಯೊಂದೇ ಮುಂದಿನ ಮಳೆಗೆ ಕಾಯುತ್ತಿರುತ್ತದೆ. ಗೆಣಸು ಅಗೆಯುವವರು ಆ ತಿಂಗಳುಗಳಲ್ಲಿ ಇದನ್ನೇ ಅಗೆದು ಮೋಸಹೋದದ್ದುಂಟು. ಈ ವಿವರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಂಸ್ಕೃತದ ನಿಘಂಟುಗಳಲ್ಲಿ ಇದಕ್ಕಿರುವ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಕಥೆಯೇ ಆಗುತ್ತದೆ. ಗೆಡ್ಡೆ ನೇಗಿಲಿನಂತಿರುವುದರಿಂದ ಲಾಂಗಲಿ. ಬೆಂಕಿಯ ಬಾಯಿಯಂಥದ್ದು ಎಂದು ವಹ್ನಿವಕ್ತ್ರಾ. ಗರ್ಭವನ್ನು ನೂಕುವುದರಿಂದ ಗರ್ಭನುತ್. ಮತ್ತು ವಿಶಲ್ಯಾ. ಶಲ್ಯವೆಂದರೆ ಮೈಯಲ್ಲಿ ನೆಟ್ಟ ಬಾಣ, ಮುಳ್ಳು, ಹೊರಗೆ ಬರಬೇಕಾದ ಯಾವುದೇ ವಸ್ತು. ಹೆರಿಗೆ ತಡವಾದಾಗ ಹೊಟ್ಟೆಯಲ್ಲಿರುವ ಮಗುವೂ ವೈದ್ಯನ ಕಣ್ಣಿಗೆ ಒಂದು ಶಲ್ಯವೇ. ಸುಶ್ರುತ ಹೆರಿಗೆಯ ಅಧ್ಯಾಯದಲ್ಲಿ ವಿಶಲ್ಯಾ ಮೂಲಿಕೆಯನ್ನು ಹೆರುವವಳು ಮೈಮೇಲೆ ಧರಿಸಬೇಕು ಎನ್ನುತ್ತಾನೆ; ಮಾಸು ಬೀಳದಿದ್ದಾಗ ಲಾಂಗಲಿಯ ಬೇರನ್ನು ಅರೆದು ಅವಳ ಅಂಗೈ ಅಂಗಾಲುಗಳಿಗೆ ಹಚ್ಚಬೇಕು ಎನ್ನುತ್ತಾನೆ. ಬಾಯಿಗೆ ಹಾಕುವ ಮಾತಿಲ್ಲ.

ಈ ವಿಶಲ್ಯಾ ಎಂಬ ಹೆಸರು ನನ್ನನ್ನು ಮತ್ತೆ ಕೆಮ್ಮಣ್ಣುಗುಂಡಿಗೆ ಕರೆತಂದಿತು. ರಾಮಾಯಣದ ಯುದ್ಧದಲ್ಲಿ ಹನುಮಂತ ಬೆಟ್ಟ ಹೊತ್ತು ತಂದದ್ದು ನಾಲ್ಕು ಮೂಲಿಕೆಗಳಿಗಾಗಿ. ಸಂಜೀವಿನಿ ಒಂದೇ ನಮಗೆ ನೆನಪಿರುವುದು. ಇನ್ನೊಂದರ ಹೆಸರು ವಿಶಲ್ಯಕರಣಿ, ಬಾಣವನ್ನು ಹೊರಹಾಕುವಂಥದ್ದು. ಬಾಬಾಬುಡನ್ ಗಿರಿ, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿಗಳನ್ನು ಒಳಗೊಂಡ ಚಂದ್ರದ್ರೋಣ ಬೆಟ್ಟಸಾಲು ಹನುಮಂತನ ಕೈಯಿಂದ ಬಿದ್ದ ಆ ಬೆಟ್ಟದ ಚೂರು ಎಂದು ನಮ್ಮ ಕಡೆ ಹೇಳುತ್ತಾರೆ. ಇಂಥ ಚೂರುಗಳು ನಾಡಿನ ತುಂಬ ಬಿದ್ದಿವೆ, ಗದಗಿನ ಕಪ್ಪತಗುಡ್ಡದಲ್ಲೂ ತುಮಕೂರಿನ ಸಿದ್ಧರಬೆಟ್ಟದಲ್ಲೂ ಇದೇ ಮಾತು ಕೇಳುತ್ತೇವೆ. ಎಲ್ಲವನ್ನೂ ಕೂಡಿಸಿದರೆ ಹಿಮಾಲಯವೇ ಆದೀತು. ಆದರೂ ಕಥೆಯೊಳಗೆ ಒಂದು ತಿಳಿವಳಿಕೆ ಇದೆ. ಈ ಬೆಟ್ಟಗಳಲ್ಲಿ ಮದ್ದಿದೆ, ಯಾವುದು ಯಾವುದೆಂದು ಗೊತ್ತಿಲ್ಲದವರು ಹನುಮಂತನಂತೆ ಇಡೀ ಬೆಟ್ಟ ಹೊರಬೇಕಾಗುತ್ತದೆ.

ಸರ್ಕಾರದ ಕಣ್ಣಿಗೆ ಈ ಬೆಟ್ಟದಲ್ಲಿ ಬೇರೆಯದೇ ಕಂಡಿತು. ಊರಿನ ಹೆಸರಲ್ಲೇ ಕೆಮ್ಮಣ್ಣು ಇದೆಯಲ್ಲ, ಅದು ಕಬ್ಬಿಣದ ಅದಿರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಈ ಗುಡ್ಡವನ್ನು ಅಗೆದು ಅದಿರನ್ನು ರೋಪ್‌ವೇ ತೊಟ್ಟಿಲುಗಳಲ್ಲಿ ಇಳಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದುದರಿಂದ ಕೃಷ್ಣರಾಜೇಂದ್ರ ಗಿರಿಧಾಮವಾಯಿತು, ಆಮೇಲೆ ತೋಟಗಾರಿಕೆ ಇಲಾಖೆಯ ಗುಲಾಬಿ ತೋಟವಾಯಿತು. 1990ರ ದಶಕದಲ್ಲಿ ರಾಜ್ಯದ 13 ಜಾಗಗಳನ್ನು ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವೆಂದು ಗುರುತಿಸಿದಾಗ ಕೆಮ್ಮಣ್ಣುಗುಂಡಿಯೂ ಅದರಲ್ಲೊಂದಾಯಿತು. ಮೂಲಿಕೆಯ ಮಾತು ಕಾಗದಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ಕಾಗದಕ್ಕೆ ಬಾರದ ಸಂಗತಿಗಳನ್ನು ನಮ್ಮ ಕಡೆಯ ನಾಟಿ ವೈದ್ಯರೊಬ್ಬರಿಂದ ಕೇಳಿದ್ದೇನೆ. ಬೇರು ಕೀಳುವ ಹಿಂದಿನ ಸಂಜೆಯೇ ಗಿಡದ ಬುಡಕ್ಕೆ ಎಲೆ ಅಡಿಕೆ ಇಟ್ಟು "ನಾಳೆ ಬರ್ತೀನಿ, ಇಂಥವರಿಗೆ ಬೇಕು" ಎಂದು ಹೇಳಿ ಬರಬೇಕು. ಬೆಳಗಿನ ಜಾವ ಸ್ನಾನ ಮಾಡಿ, ಯಾರೊಡನೆಯೂ ಮಾತಾಡದೆ ಹೋಗಬೇಕು. ತನ್ನ ನೆರಳು ಗಿಡದ ಮೇಲೆ ಬೀಳಬಾರದು. ಕಬ್ಬಿಣ ತಾಗಿಸಬಾರದು. ಒಂದಷ್ಟು ಬೇರು ಮಣ್ಣಲ್ಲೇ ಬಿಡಬೇಕು. ಬರುವಾಗ ಹಿಂದಿರುಗಿ ನೋಡಬಾರದು. ಚರಕ ಸಂಹಿತೆಯ ಕಲ್ಪಸ್ಥಾನದಲ್ಲೂ ಶುಚಿಯಾಗಿ, ಬಿಳಿಯ ಬಟ್ಟೆ ಉಟ್ಟು, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಮೂಲಿಕೆ ತೆಗೆಯುವ ಕ್ರಮವಿದೆ. ಇದನ್ನೆಲ್ಲ ಥಿಯೊಫ್ರಾಸ್ಟಸ್‌ನ ಪಕ್ಕ ಇಟ್ಟು ನೋಡಿದರೆ ಎರಡು ಸಾವಿರ ವರ್ಷಗಳ ಅಂತರ ತೆಳುವಾಗಿ ಕಾಣುತ್ತದೆ. ಥಿಯೊಫ್ರಾಸ್ಟಸ್ ಮರುಳನಲ್ಲ. ಬೇರು ಕೀಳುವವರು ಹೇಳುವುದರಲ್ಲಿ ಕೆಲವು ಎಚ್ಚರಿಕೆಗಳು ನ್ಯಾಯವಾದವು, ಕೆಲವು ಬಣ್ಣ ಕಟ್ಟಿದವು ಎಂದು ಬೇರ್ಪಡಿಸಲು ಯತ್ನಿಸುತ್ತಾನೆ.

ಈ ಕಟ್ಟಳೆಗಳೆಲ್ಲ ಬೇರಿನವರು ತಮ್ಮ ಕಸುಬನ್ನು ಕಾಪಾಡಿಕೊಳ್ಳಲು ಕಟ್ಟಿದ ಬೇಲಿ ಎಂದು ಕೆಲವರು ಬರೆಯುತ್ತಾರೆ. ಮ್ಯಾಂಡ್ರೇಕ್ ಕಿರುಚುತ್ತದೆ ಎಂದು ಹೆದರಿಸಿದರೆ ಬೇರೆಯವರು ಕೀಳುವುದಿಲ್ಲ, ಬೆಲೆ ಇಳಿಯುವುದಿಲ್ಲ. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಗೌರಿ ಗೆಡ್ಡೆಗೆ ಬೆಲೆಯೇ ಇರಲಿಲ್ಲ, ಎಲ್ಲ ಬೇಲಿಯಲ್ಲೂ ಪುಕ್ಕಟೆ ಸಿಗುತ್ತಿತ್ತು. ಅದರ ಕಟ್ಟಳೆ ಕೀಳುವಾಗಿನದಲ್ಲ, ಬಳಸುವಾಗಿನದು. ಅಜ್ಜಿ ಹೇಳಿದ ಪ್ರಕಾರ ಅವರ ಕಾಲದ ಸೂಲಗಿತ್ತಿ ಗೆಡ್ಡೆಯನ್ನು ಹೊರಗಡೆ ಕಲ್ಲಿನ ಮೇಲೆ ಅರೆಯುತ್ತಿದ್ದಳು, ಮನೆಯ ಒರಳಿನಲ್ಲಲ್ಲ. ಅಂಗಾಲಿಗೆ ಹಚ್ಚಿ, ಮಗು ಬಿದ್ದ ಕೂಡಲೇ ಬಿಸಿನೀರಿನಲ್ಲಿ ತೊಳೆದುಬಿಡುತ್ತಿದ್ದಳು. ತೊಳೆಯುವುದು ತಡವಾದರೆ ಮಗುವಿನ ಹಿಂದೆ ಗರ್ಭಚೀಲವೂ ಬಂದುಬಿಡುತ್ತದೆ ಎಂದು ಹೆದರಿಸುತ್ತಿದ್ದಳಂತೆ. ಅಂಗಾಲಿಗೆ ಹಚ್ಚಿದರೆ ಹೆರಿಗೆ ಸಲೀಸಾಗುತ್ತದೆ ಎನ್ನುವುದಕ್ಕೆ ಇವತ್ತಿನ ವೈದ್ಯದಲ್ಲಿ ಗಟ್ಟಿ ಆಧಾರವಿಲ್ಲ. ಆದರೆ ಹೊರಗೆ ಅರೆ, ಬೇಗ ತೊಳೆ, ಒಳಗಿಡಬೇಡ ಎಂಬ ಮಾತುಗಳಲ್ಲಿ ಆ ಗೆಡ್ಡೆ ಎಂಥದ್ದೆಂದು ಬಲ್ಲವಳ ತಿಳಿವಳಿಕೆ ಇದೆ.

ಕವಲೊಡೆದ ಗೆಡ್ಡೆ ಗಂಡು, ಕವಲಿಲ್ಲದ್ದು ಹೆಣ್ಣು ಎಂಬ ನಂಬಿಕೆ ನಮ್ಮ ನಾಟಿ ವೈದ್ಯರಲ್ಲಿದ್ದುದನ್ನು ಹತ್ತೊಂಬತ್ತನೇ ಶತಮಾನದ ಔಷಧಿ ಗ್ರಂಥಗಳು ದಾಖಲಿಸಿವೆ. ಡಯಾಸ್ಕೊರಿಡೀಸ್‌ನ ಗಂಡು ಹೆಣ್ಣು ಇಲ್ಲೂ ಹಾಜರು. ಜೆರಾರ್ಡ್‌ನಂಥವರೂ ಇಲ್ಲಿದ್ದರು. ಮದರಾಸಿನ ವೈದ್ಯ ಮೊಯಿದೀನ್ ಶರೀಫ್, ಈ ಗೆಡ್ಡೆ ಜನ ಹೆದರುವಷ್ಟು ವಿಷವಲ್ಲ ಎಂದು ತೋರಿಸಲು ತಾನೇ ಸಣ್ಣ ಪ್ರಮಾಣದಲ್ಲಿ ತಿಂದು ನೋಡಿದ. ಅವನು ಬದುಕಿದ್ದು ಅವನ ಪುಣ್ಯ. 1880ರಲ್ಲಿ ವಾರ್ಡನ್ ಎಂಬ ರಸಾಯನತಜ್ಞ ಇದರಿಂದ ಕಹಿ ಸತ್ವವೊಂದನ್ನು ತೆಗೆದು ಸುಪರ್ಬೀನ್ ಎಂದು ಕರೆದ. 1915ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಗೆಡ್ಡೆಯಲ್ಲಿರುವುದು ಕಾಲ್ಚಿಸೀನ್ ಎಂದು ಖಚಿತವಾಯಿತು.

ಕಾಲ್ಚಿಸೀನ್ ಜೀವಕೋಶಗಳು ಒಡೆದು ಎರಡಾಗುವುದನ್ನು ತಡೆಯುತ್ತದೆ. ಬೀಜವಿಲ್ಲದ ಕಲ್ಲಂಗಡಿ ಮಾಡುವುದು ಇದರಿಂದ. ಗೌಟ್ ಎಂಬ ಕೀಲುನೋವಿಗೆ ಮಾತ್ರೆಯೂ ಇದರದ್ದೇ. ಆ ಮಾತ್ರೆಗಾಗಿ ತಮಿಳುನಾಡಿನ ರೈತರು ಈಗ ಎಕರೆಗಟ್ಟಲೆ ಗೌರಿ ಹೂವು ಬೆಳೆದು ಬೀಜ ಮಾರುತ್ತಾರೆ; ಹೂವಿಂದ ಹೂವಿಗೆ ಪರಾಗ ದಾಟಿಸುವುದನ್ನೂ ಕೈಯಿಂದಲೇ ಮಾಡುತ್ತಾರೆ. ವಿಷವಾಗಿ ಒಳಗೆ ಹೋದಾಗ ಅದು ಮೈಯಲ್ಲಿ ಬೇಗ ಬೇಗ ಹೊಸದಾಗುವ ಭಾಗಗಳನ್ನೇ ಹಿಡಿಯುತ್ತದೆ. ಕೆಲವು ಗಂಟೆ ಏನೂ ಆಗುವುದಿಲ್ಲ. ಆಮೇಲೆ ನಿಲ್ಲದ ವಾಂತಿ, ಭೇದಿ. ಆಮೇಲೆ ರಕ್ತ ಹುಟ್ಟುವ ಮಜ್ಜೆ ಕೈಕೊಡುತ್ತದೆ. ಬದುಕಿ ಉಳಿದವರಿಗೆ ವಾರ ಎರಡು ವಾರದಲ್ಲಿ ತಲೆಗೂದಲೆಲ್ಲ ಉದುರುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಮಂಗರಾಜ ಖಗೇಂದ್ರಮಣಿದರ್ಪಣ ಎಂಬ ವಿಷವೈದ್ಯದ ಕಾವ್ಯವನ್ನೇ ಕನ್ನಡದಲ್ಲಿ ಬರೆದ. ಹಾವು ಚೇಳುಗಳಂಥ ಜಂಗಮ ವಿಷದ ಜೊತೆಗೆ ಗಿಡಬೇರುಗಳ ಸ್ಥಾವರ ವಿಷಕ್ಕೂ ಅದರಲ್ಲಿ ಜಾಗವಿದೆ. ಗಿಡದ ವಿಷ ಆಗಲೇ ಕನ್ನಡದ ವೈದ್ಯರ ದೊಡ್ಡ ಚಿಂತೆಯಾಗಿತ್ತು.

ಇಲ್ಲಿಗೆ ಬಂದು ನಾನು ಒಂದು ದಿನ ಓದು ನಿಲ್ಲಿಸಿದೆ. ವಾಂತಿ, ಭೇದಿ ಎಂಬ ಎರಡು ಶಬ್ದಗಳನ್ನು ಹಳೆಯ ಮರಣದ ಲೆಕ್ಕಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಹಳ್ಳಿಯಲ್ಲಿ ಸತ್ತವರ ಲೆಕ್ಕ ಬರೆಯುತ್ತಿದ್ದವರು ಪಟೇಲರು. ಕಾರಣಗಳ ಕಲಮುಗಳು ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿದ್ದವು: ಕಾಲರಾ, ಸಿಡುಬು, ಜ್ವರ, ಭೇದಿ, ಗಾಯ, ಹಾವು ಕಡಿತ, ಇತರೆ. ಗೌರಿ ಗೆಡ್ಡೆ ತಿಂದು ಸತ್ತವಳೊಬ್ಬಳನ್ನು ಪಟೇಲರು ಎಲ್ಲಿ ಬರೆಯುತ್ತಿದ್ದರು? ಮನೆಯವರು ವಾಂತಿ ಭೇದಿ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಅವಳು ಭೇದಿಯ ಕಲಮಿನಲ್ಲಿ ಸೇರುತ್ತಾಳೆ, ಕಾಲರಾ ವರ್ಷವಾದರೆ ಕಾಲರಾದಲ್ಲಿ. 1860ರ ದಂಡ ಸಂಹಿತೆಯ 312ನೇ ಕಲಮಿನ ಪ್ರಕಾರ ಗರ್ಭ ತೆಗೆಸಿದವರ ಜೊತೆಗೆ ತಾನೇ ತೆಗೆದುಕೊಂಡ ಹೆಂಗಸೂ ಅಪರಾಧಿಯಾಗುತ್ತಿದ್ದಳು. 1971ರ ಕಾಯ್ದೆ ಬರುವ ತನಕ ಅವಳಿಗೆ ಕಾನೂನಿನ ದಾರಿ ಇರಲಿಲ್ಲವೆಂದೇ ಹೇಳಬೇಕು. ಸುಮ್ಮನಿರುವುದು ಮನೆಗೂ ಕ್ಷೇಮ, ಪಟೇಲರಿಗೂ ಕ್ಷೇಮ. ನನ್ನ ಪ್ರಬಂಧದಲ್ಲಿ ನಾಟಿ ವೈದ್ಯದಿಂದ ಬದುಕಿದವರ ಕಥೆಗಳು ಬೇಕಾದಷ್ಟಿವೆ. ಅದೇ ಬೇರುಗಳಿಂದ ಸತ್ತವರು ಯಾವ ಕಟ್ಟಿನಲ್ಲೂ ಇಲ್ಲ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ನಮ್ಮ ಮನೆಯಲ್ಲಿ ಅಂಥವರೊಬ್ಬರಿದ್ದರು. ಅಜ್ಜಿಯ ಅಕ್ಕ. ಹದಿನೈದಕ್ಕೆ ಮದುವೆ, ಹದಿನೇಳಕ್ಕೆ ಗಂಡ ಸತ್ತು ತೌರಿಗೆ ವಾಪಸು. 1950ರ ಸುಮಾರಿಗೆ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡರು. ಜಿಲ್ಲೆಯ ಹೆಸರು 1947ರಲ್ಲೇ ಚಿಕ್ಕಮಗಳೂರು ಎಂದಾಗಿದ್ದರೂ ಆಗಿನ್ನೂ ಎಲ್ಲರ ಬಾಯಲ್ಲಿ ಕಡೂರು ಜಿಲ್ಲೆಯೇ. ಅವರು ಸತ್ತದ್ದು ಹೇಗೆಂದು ಕೇಳಿದರೆ ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಕಾಡುಗೆಣಸು ಅಂದುಕೊಂಡು ಯಾವುದೋ ಗೆಡ್ಡೆ ಬೇಯಿಸಿ ತಿಂದರು, ಪಾಪ. ನಾನೂ ಹಾಗೆಯೇ ಕೇಳಿಕೊಂಡು ಬೆಳೆದೆ. ಅದು ಯಾವ ಗೆಡ್ಡೆ ಎಂದು ಕೇಳಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ಹಬ್ಬ ಮುಗಿದು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಕೇಳಿದೆ. ಅಜ್ಜಿ ಅಡಿಕೆ ಕತ್ತರಿಸುತ್ತಿದ್ದರು.

"ಅಜ್ಜಿ, ನಿಮ್ಮಕ್ಕ ತಿಂದಿದ್ದು ಇದೇ ಗೆಡ್ಡೆನಾ?"

"ಹೂಂ."

"ಗೆಣಸು ಅಂದ್ಕಂಡೇ ತಿಂದಿದ್ದಾ?"

ಅವರು ಮಾತಾಡಲಿಲ್ಲ. ನಾನು ಚರಿತ್ರೆಯ ವಿದ್ಯಾರ್ಥಿನಿಯ ಬುದ್ಧಿ ಬಿಡದೆ ಇನ್ನೊಂದು ಕಡೆಯಿಂದ ಕೇಳಿದೆ. "ಅದು ಯಾವ ಕಾಲ ಅಜ್ಜಿ? ಬೇಸಿಗೆನಾ, ಮಳೆಗಾಲನಾ?"

ಅಜ್ಜಿ ಅಡಕತ್ತರಿ ಕೆಳಗಿಟ್ಟರು. ಆಗ ಅವರಿಗೆ ಹನ್ನೊಂದೋ ಹನ್ನೆರಡೋ ವರ್ಷ. "ಗೌರಿ ಹಬ್ಬಕ್ಕೆ ಇನ್ನೂ ನಾಕು ದಿನ ಇತ್ತು ಕಣೇ. ಬೇಲಿ ತುಂಬಾ ಹೂವಾಗಿತ್ತು. ಅಕ್ಕನೇ ಕಿತ್ತು ನಂಗೆ ಮುಡಿಸಿದ್ಲು."

ಆಮೇಲೆ ಅಡಕತ್ತರಿ ಎತ್ತಿಕೊಂಡರು. ಒಳಗಿನಿಂದ ಅಣ್ಣನ ಮಗಳು ಬಂದು, ದೊಡ್ಡಜ್ಜಿ, ನಿಮ್ಮಕ್ಕ ಏನಾದ್ರು ಎಂದು ಕೇಳಿದಳು. ಅಜ್ಜಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಗೆಣಸು ಅಂದ್ಕಂಡು ಗೆಡ್ಡೆ ತಿಂದುಬಿಟ್ಲು ಮಗಾ, ನೀನು ಮಾತ್ರ ಅದನ್ನ ಮುಟ್ಟಬ್ಯಾಡ ಎಂದರು.